ಬೆರಿಲ್ ಪಕ್ಕದ ಸೀಟು

ಬೆರಿಲ್ ಹೋರಕ್ಸ್‌ಳ ಮುಖಕ್ಕಿಂತ ಅವಳ ಹಿಂದಲೆ ನನಗೆ ಹೆಚ್ಚು ಪರಿಚಿತ. ಥಾರ್ನ್‌ಬೆಕ್ ಟೌನ್ ಫುಟ್‌ಬಾಲ್ ತಂಡದ ಮೈದಾನದಲ್ಲಿ, ಪೂರ್ವದ ಸ್ಟ್ಯಾಂಡಿನಲ್ಲಿ, ಅವಳ ಬೆನ್ನಿಗೆ ಸರಿಯಾಗಿ ನನ್ನ ಸೀಟು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾವು ಹೀಗೇ ಕೂತಿದ್ದೇವೆ. ಅವಳ ಕಂದು ಕೂದಲು ಬೂದಿ ಬಣ್ಣಕ್ಕೆ ತಿರುಗಿದ್ದು, ನಡುವೆ ಒಂದು ವರ್ಷ ಯಾರದೋ ಮಾತು ಕೇಳಿ ಕೆಂಪಗಾಗಿ, ನಾವೆಲ್ಲ ಆಡಿಕೊಂಡ ಮೇಲೆ ಮತ್ತೆ ಬೂದಿಗೆ ಬಂದದ್ದು, ಎಲ್ಲವನ್ನೂ ನಾನು ನೋಡಿದ್ದೇನೆ. ಅವಳ ಬಲಕ್ಕೆ ಕೂರುತ್ತಿದ್ದವನು ಡೆಸ್. ಚಪ್ಪಟೆ ಟೋಪಿ, ಅದರ ಕೆಳಗೆ ಎರಡು ದೊಡ್ಡ ಕಿವಿ. ಚಳಿಗಾಲದಲ್ಲಿ ಅವು ಬೀಟ್‌ರೂಟಿನ ಹಾಗೆ ಆಗುತ್ತಿದ್ದವು.

ಬೆರಿಲ್ ಹುಟ್ಟಿದ್ದು ಮೈದಾನದ ಹಿಂದಿನ ಬೀದಿಯಲ್ಲಿ. ಟೌನ್ ಗೋಲು ಹೊಡೆದರೆ ಅವರ ಮನೆಯ ಕಪಾಟಿನೊಳಗಿನ ತಟ್ಟೆಗಳು ಗಡಗಡ ಅನ್ನುತ್ತಿದ್ದವಂತೆ. ನಮ್ಮ ತಂಡ ಆಡುತ್ತಿದ್ದ ರೀತಿಗೆ ಆ ತಟ್ಟೆಗಳಿಗೆ ಅಂಥ ಅಪಾಯವೇನೂ ಇರಲಿಲ್ಲ ಬಿಡಿ. ಅಪ್ಪ ಉಣ್ಣೆ ಗಿರಣಿಯವನು, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆಟ ತೋರಿಸಿದವನು. ಬೆಳೆದ ಮೇಲೆ ಅವಳು ಶಾಲೆಯ ಅಡುಗೆಮನೆ ಸೇರಿದಳು, ಅಲ್ಲೇ ನಿವೃತ್ತಳಾದಳು. ಊರಿನ ಅರ್ಧ ಜನ ಅವಳು ಕುಟ್ಟಿದ ಆಲೂಗಡ್ಡೆ ತಿಂದು ದೊಡ್ಡವರಾದವರು. ಈಗಲೂ ಅವಳೆದುರು ತಟ್ಟೆಯಲ್ಲಿ ಬಟಾಣಿ ಬಿಡಲು ಹೆದರುತ್ತಾರೆ. ಗಂಡ ಹೆರಾಲ್ಡ್‌ಗೆ ಫುಟ್‌ಬಾಲ್ ಅಂದರೆ ಆಗುತ್ತಿರಲಿಲ್ಲ. ಅವನು ಹಾರಾಟದ ಪಂದ್ಯಕ್ಕೆ ಪಾರಿವಾಳ ಸಾಕುತ್ತಿದ್ದ. ಶನಿವಾರ ಅವನು ಆಕಾಶ ನೋಡುತ್ತಿದ್ದ, ಇವಳು ಹುಲ್ಲು ನೋಡುತ್ತಿದ್ದಳು, ಹಾಗೇ ಸಂಸಾರ ನಡೆಯಿತು. ಮಕ್ಕಳಾಗಲಿಲ್ಲ. ಹೆರಾಲ್ಡ್ ತೀರಿಕೊಂಡ ಮುಂದಿನ ವಾರ ಬೆರಿಲ್ ಎಂದಿನಂತೆ ಬಂದು ಕೂತಳು. ಡೆಸ್ ಅವಳ ಕಪ್ಪು ಕೋಟು ನೋಡಿದ. ವಿರಾಮದಲ್ಲಿ ಹೋಗಿ ಎರಡು ಮಾಂಸದ ಪೈ ತಂದು ಒಂದನ್ನು ಅವಳ ಕೈಗಿಟ್ಟ.

ನಮ್ಮಲ್ಲಿ ಒಂದು ರೂಢಿಯಿದೆ. ಮೈದಾನದಲ್ಲಿ ಪಕ್ಕ ಕೂತವರ ಮನೆ, ಮಠ, ಕುಲಗೋತ್ರ ವಿಚಾರಿಸುವುದಿಲ್ಲ. ಅವನ ಯಾವ ಮಂಡಿ ನೋಯುತ್ತದೆ ಅಂತ ಗೊತ್ತಿರುತ್ತದೆ, ಯಾವ ಗೋಲ್‌ಕೀಪರ್ ಕಂಡರೆ ಮೈ ಉರಿಯುತ್ತದೆ ಅಂತ ಗೊತ್ತಿರುತ್ತದೆ, ಅವನ ಉಸಿರು ಕೇಳಿದರೇ ಚೆಂಡು ಹೊರಗೆ ಹೋಯಿತು ಅಂತ ತಿಳಿಯುತ್ತದೆ. ಮನೆತನದ ಹೆಸರು ಮಾತ್ರ ಗೊತ್ತಿರುವುದಿಲ್ಲ. ಇಬ್ಬರೂ ಮುಂದೆ ನೋಡುತ್ತಾ ಮಾತಾಡುತ್ತಾರೆ. ಆಟ ಮುಗಿದ ಮೇಲೆ ಇವನು ಆ ಗೇಟಿಗೆ, ಅವಳು ಈ ಗೇಟಿಗೆ. ಒಮ್ಮೆ ಬುಧವಾರದ ದಿನ ಬೆರಿಲ್ ಸೂಪರ್‌ಮಾರ್ಕೆಟ್ಟಿನಲ್ಲಿ ಡೆಸ್‌ಗೆ ಎದುರಾಗಿಬಿಟ್ಟಳಂತೆ. ಅವನ ಬುಟ್ಟಿಯಲ್ಲಿ ಒಬ್ಬನಿಗಾಗುವಷ್ಟು ಬ್ರೆಡ್ಡು, ಒಬ್ಬನಿಗಾಗುವಷ್ಟು ಮೀನು. ಇಬ್ಬರೂ ಕೆಂಪಗಾಗಿ, “ಶನಿವಾರ ಸಿಗಾಣ” ಅಂದು, ತಿರುಗಿ ನೋಡದೆ ಬೇರೆ ಬೇರೆ ಸಾಲಿನಲ್ಲಿ ನಿಂತು ಹಣ ಕೊಟ್ಟು ಬಂದರಂತೆ.

ಒಂದೇ ಒಂದು ವಿನಾಯಿತಿ ಉಂಟು. ಗೋಲಾದಾಗ ಯಾರು ಯಾರನ್ನು ಬೇಕಾದರೂ ತಬ್ಬಿಕೊಳ್ಳಬಹುದು. ಪಾದ್ರಿ ಕುಡುಕನನ್ನು ತಬ್ಬಿದ್ದನ್ನು ನಾನು ಕಂಡಿದ್ದೇನೆ. ಬೆರಿಲ್ ಮತ್ತು ಡೆಸ್ ಕೂಡ ತಬ್ಬಿಕೊಳ್ಳುತ್ತಿದ್ದರು, ಒಂದು ಕ್ಷಣ, ಮೈದಾನದ ಕಡೆಗೇ ಮುಖ ಮಾಡಿಕೊಂಡು. ಆಮೇಲೆ ಇಬ್ಬರೂ ಕೋಟು ಸರಿಮಾಡಿಕೊಂಡು ಕೂರುತ್ತಿದ್ದರು.

ಕಳೆದ ಮೇ ತಿಂಗಳಲ್ಲಿ ಟೌನ್ ಮೂರನೇ ದರ್ಜೆಯಿಂದ ಎರಡನೇ ದರ್ಜೆಗೆ ಏರಿತು. ನನ್ನ ಜೀವಮಾನದಲ್ಲಿ ಅದು ಆಗುತ್ತದೆ ಅಂತ ನಾನು ತಿಳಿದಿರಲಿಲ್ಲ. ಹಲ್ಲುಸೆಟ್ಟು ಇದ್ದವರೂ ಇಲ್ಲದವರೂ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ಡೆಸ್‌ನ ಮಂಡಿ ನೆಟ್ಟಗಿರಲಿಲ್ಲ, ಹಾಗಾಗಿ ಅವನು ಕೂತಲ್ಲೇ ಉಳಿದ. ಬೆರಿಲ್ ಕೂಡ ಉಳಿದಳು. ಸೀಟಿ ಊದಿ ಎಷ್ಟೋ ಹೊತ್ತಾಗಿತ್ತು, ಗೋಲಿನ ನೆಪವೂ ಇರಲಿಲ್ಲ, ಆದರೂ ಅವರು ತಬ್ಬಿಕೊಂಡೇ ಇದ್ದರು.

“ಮೇಲಿನ್ ಲೀಗಲ್ಲಿ ನಮ್ಮನ್ನ ಅರೆದು ಹಾಕ್ತಾರೆ ಕಣೆ” ಅಂದ ಡೆಸ್.

“ಅರೀಲಿ ಬಿಡು. ಒಟ್ಟಿಗೆ ಅರೆಸ್ಕೊಳ್ಳಾಣ” ಅಂದಳು ಬೆರಿಲ್.

ಆಗಸ್ಟಿನ ಮೊದಲ ಆಟಕ್ಕೆ ಡೆಸ್ ಬರಲಿಲ್ಲ. ಬೆರಿಲ್ ತನ್ನ ಕೈಚೀಲವನ್ನು ಅವನ ಸೀಟಿನ ಮೇಲಿಟ್ಟು ಕಾಯ್ದಿಟ್ಟಳು. ಯಾರೋ ಕೇಳಿದ್ದಕ್ಕೆ, “ಬರ್ತಾನೆ, ಮಂಡಿ ಸರಿಯಿಲ್ಲ, ಮೆಟ್ಲು ಹತ್ತೋದು ನಿಧಾನ” ಅಂದಳು. ಆಟ ಶುರುವಾಯಿತು, ಮುಗಿಯಿತು, ಟೌನ್ ಸೋತಿತು. ಎರಡನೆಯ ಆಟಕ್ಕೂ ಬರಲಿಲ್ಲ. ಮಂಗಳವಾರ ಸಂಜೆಯ ಆಟಕ್ಕೂ ಇಲ್ಲ. ನಲವತ್ತಾರು ಆಟಗಳ ಸೀಸನ್ನು, ಇನ್ನೂ ಬೇಕಾದಷ್ಟು ಬಾಕಿಯಿದೆ, ಬೇಸಿಗೆ ರಜೆಗೆ ಎಲ್ಲೋ ಹೋಗಿರಬೇಕು ಅಂತ ನಾನು ಸಮಾಧಾನ ಹೇಳಿದೆ. ಅವಳು ಹಿಂದೆ ತಿರುಗಿ ನನ್ನನ್ನು ದುರುಗುಟ್ಟಿ ನೋಡಿದಳು.

ಸೆಪ್ಟೆಂಬರ್ ಕೊನೆಗೆ ಕ್ಲಬ್ಬಿನವರು, ಸೀಸನ್ನಿನ ಹಣ ಕಟ್ಟದೆ ಉಳಿದ ಆ ಸೀಟನ್ನು ಇನ್ನೊಬ್ಬರಿಗೆ ಮಾರಿದರು. ಬಂದವನು ನಲ್ಲಿ ರಿಪೇರಿಯವನು, ನಾಲ್ಕು ಜನರಿಗಾಗುವಷ್ಟು ದೇಹ. ವಿನೆಗರ್ ಸುರಿದ ಬಿಸಿ ಆಲೂಗಡ್ಡೆ ಚಿಪ್ಸಿನ ಪೊಟ್ಟಣ ಹಿಡಿದೇ ಕೂರುತ್ತಿದ್ದ. ಒಳ್ಳೆಯವನೇ, ಸುಳ್ಳು ಯಾಕೆ ಹೇಳಲಿ. ಬೆರಿಲ್‌ಗೂ ಚಿಪ್ಸು ನೀಡಿದ. “ನಾನು ತಿನ್ನಲ್ಲ” ಅಂದಳು ಅವಳು. ಜೀವನವಿಡೀ ಚಿಪ್ಸು ತಿಂದವಳು! ಅಕ್ಟೋಬರಿನಲ್ಲಿ ಟೌನ್ ಹೇಗೋ ಒಂದು ಗೋಲು ಹೊಡೆಯಿತು. ಇಡೀ ಸ್ಟ್ಯಾಂಡು ಎದ್ದು ಕುಣಿಯಿತು. ಆ ನಲ್ಲಿಯವನು ಬೆರಿಲ್ ಕಡೆಗೆ ಎರಡೂ ತೋಳು ಚಾಚಿದ. ಬೆರಿಲ್ ಕೈಕಟ್ಟಿಕೊಂಡು ಕಂಬದ ಹಾಗೆ ನಿಂತಳು. ಪಾಪ, ಅವನು ಸುತ್ತ ನೋಡಿ, ಬೇರೆ ಗತಿಯಿಲ್ಲದೆ ಹಿಂದೆ ತಿರುಗಿ ನನ್ನನ್ನು ತಬ್ಬಿದ. ನನ್ನ ಕನ್ನಡಕ ಬಾಗಿಹೋಯಿತು.

ಮರುದಿನವೇ ಬೆರಿಲ್ ಕ್ಲಬ್ಬಿನ ಟಿಕೆಟ್ ಕಚೇರಿಗೆ ಹೋದಳು. ಕಿಟಕಿಯ ಆಚೆ ಕೂತಿದ್ದ ಹುಡುಗಿ ನಯವಾಗಿಯೇ ಕೇಳಿದಳಂತೆ.

“ಅವ್ರ ಪೂರ್ತಿ ಹೆಸರು ಹೇಳಿ ಮೇಡಂ.”

“ಡೆಸ್.”

“ಡೆಸ್... ಮುಂದೆ?”

“ಡೆಸ್ ಅಷ್ಟೇ. ನನ್ನ ಬಲಗಡೆ ಸೀಟು.”

“ಬೇರೆಯವ್ರ ವಿವರ ಹೊರಗೆ ಕೊಡೋ ಹಾಗಿಲ್ಲ ಮೇಡಂ. ನೀವು ಅವ್ರಿಗೆ ಏನಾಗ್ಬೇಕು?”

ಮುಂದಿನ ಶನಿವಾರ ಬೆರಿಲ್ ಹಿಂದೆ ತಿರುಗಿ ನನಗೆ ಇದನ್ನು ಹೇಳಿದಳು. “ಏನಾಗ್ಬೇಕು ಅಂತ ಕೇಳ್ದಳು ಕ್ಲಿಫ್. ನಾನು ಏನು ಹೇಳ್ಲಿ? ಪಕ್ಕದವಳು ಅಂದೆ. ಆ ಹುಡುಗಿಗೆ ನಗು ಬಂತು.”

ಸೀಸನ್ನು ನಮ್ಮನ್ನು ನಿಜವಾಗಿಯೂ ಅರೆಯಿತು. ಎರಡನೇ ದರ್ಜೆಯೆಂದರೆ ಅದೊಂದು ವಿಚಿತ್ರ ಜಾಗ. ಮೇಲಿನಿಂದ ಜಾರಿ ಬಿದ್ದ ದೊಡ್ಡ ದೊಡ್ಡ ತಂಡಗಳು ಮತ್ತೆ ಮೇಲೇರಲು ಒದ್ದಾಡುತ್ತಿರುತ್ತವೆ. ನಮ್ಮಂಥವರು ಕೆಳಗೆ ಬೀಳದಿದ್ದರೆ ಸಾಕು ಅಂತ ಅವರ ಕಾಲಡಿ ತೂರಾಡುತ್ತಿರುತ್ತೇವೆ. ನೆಮ್ಮದಿಯಾಗಿ ಇರುವವರು ಅಲ್ಲಿ ಯಾರೂ ಇಲ್ಲ. ನವೆಂಬರಿನಲ್ಲಿ ತಂಡ ಆಡಿಸುವ ಮ್ಯಾನೇಜರನ್ನು ಕಿತ್ತುಹಾಕಿದರು. ಹೊಸಬ ಬಂದು ಅದೇ ಸೋಲನ್ನು ಬೇರೆ ರೀತಿಯಲ್ಲಿ ಸೋತ. ಕ್ರಿಸ್‌ಮಸ್ ಮರುದಿನದ ಆಟಕ್ಕೆ ಊರಿಗೆ ಊರೇ ಬರುತ್ತದೆ, ಎಲ್ಲೆಲ್ಲೋ ಇರುವವರೂ ಬರುತ್ತಾರೆ. ಆವತ್ತು ಬೆರಿಲ್ ಆಟ ನೋಡಲೇ ಇಲ್ಲ. ತೊಂಬತ್ತು ನಿಮಿಷವೂ ಎದುರಿನ ಸ್ಟ್ಯಾಂಡು, ಗೇಟು, ಮೆಟ್ಟಿಲುಗಳ ಮೇಲೆ ಚಪ್ಪಟೆ ಟೋಪಿ ಹುಡುಕಿದಳು. ನಮ್ಮೂರಿನಲ್ಲಿ ಚಪ್ಪಟೆ ಟೋಪಿಗೇನು ಬರವೇ? ಪ್ರತಿ ಟೋಪಿಗೂ ಅವಳು ಅರ್ಧ ಎದ್ದು ಮತ್ತೆ ಕೂರುತ್ತಿದ್ದಳು.

ನಮ್ಮೂರ ರೇಡಿಯೋದವರು ಆಟ ಮುಗಿದ ಮೇಲೆ ಜನರ ಫೋನ್ ಕರೆ ತೆಗೆದುಕೊಳ್ಳುತ್ತಾರೆ. ಗೆದ್ದ ದಿನ ಯಾರೂ ಮಾಡುವುದಿಲ್ಲ. ಸೋತ ದಿನ ಲೈನೇ ಸಿಗುವುದಿಲ್ಲ. ಜನವರಿಯಲ್ಲಿ ನಾಲ್ಕು ಗೋಲು ತಿಂದು ಸೋತ ಸಂಜೆ ನಾನು ಅಡುಗೆಮನೆಯಲ್ಲಿ ರೇಡಿಯೋ ಕೇಳುತ್ತಾ ಮೊಟ್ಟೆ ಹುರಿಯುತ್ತಿದ್ದೆ. ಟ್ರೆವರ್ ಅನ್ನುವವನು ಕಾರ್ಯಕ್ರಮ ನಡೆಸುತ್ತಾನೆ. ಅವನು “ಮುಂದಿನ ಕರೆ ಬೆರಿಲ್ ಅವರದ್ದು” ಅಂದಾಗ ನನ್ನ ಕಿವಿ ನಿಮಿರಿತು.

“ಹೇಳಿ ಬೆರಿಲ್ ಅವ್ರೇ, ಈ ಮ್ಯಾನೇಜರ್ ಇರ್ಬೇಕಾ, ಹೋಗ್ಬೇಕಾ?”

“ಇದ್ರೆ ಇರ್ಲಿ, ಹೋದ್ರೆ ಹೋಗ್ಲಿ. ನಾನು ಫೋನ್ ಮಾಡಿದ್ದು ಡೆಸ್ ವಿಷಯಕ್ಕೆ.”

“ಡೆಸ್... ಯಾವ ಜಾಗದಲ್ಲಿ ಆಡ್ತಾರೆ ಇವ್ರು?”

“ಆಡಲ್ಲಪ್ಪ, ಕೂರ್ತಾನೆ. ನನ್ ಪಕ್ಕ. ಆಗಸ್ಟಿಂದ ಬಂದಿಲ್ಲ. ಕಿವಿ ದೊಡ್ಡದು.”

“ಅವ್ರ ಪೂರ್ತಿ ಹೆಸರು?”

“ಅದು ಗೊತ್ತಿದ್ದಿದ್ರೆ ನಿಮ್ಗ್ಯಾಕೆ ಫೋನ್ ಮಾಡ್ತಿದ್ದೆ?”

ಟ್ರೆವರ್ ಮಾತು ಮಾರಿ ಬದುಕುವವನು. ಆದರೂ ದನಿ ತಗ್ಗಿಸಿ ಮೆತ್ತಗೆ ಕೇಳಿದ, “ಡೆಸ್ ಎಲ್ಲಾದ್ರೂ ಕೇಳ್ತಾ ಇದ್ರೆ, ಏನಾದ್ರೂ ಹೇಳೋದಿದ್ಯಾ?”

“ಏನಿಲ್ಲ. ಆಟ ದರಿದ್ರವಾಗಿದೆ ಅಂತ ಹೇಳಿ.” ಅವಳ ಉಸಿರು ರೇಡಿಯೋದಲ್ಲಿ ಸ್ಪಷ್ಟವಾಗಿ ಕೇಳಿಸಿತು. “ಅವನಿಲ್ದೆ ನಂಗೆ ಕೂರಕ್ಕಾಗ್ತಿಲ್ಲ ಅಂತ ಹೇಳಿ.”

ಲೈನು ಕಟ್ಟಾಯಿತು. ನನ್ನ ಮೊಟ್ಟೆ ಸೀದುಹೋಯಿತು. ಅದರ ನಂತರ ಫೋನ್ ಮಾಡಿದವನು ಅರ್ಧ ಕೇಳಿಸಿಕೊಂಡ ಆಸಾಮಿ. “ಆಯಮ್ಮ ಹೇಳಿದ್ದು ಸರಿಯಾಗಿದೆ. ಡೆಸ್‌ನ ಆಡಿಸ್ಲಿ! ಈಗ ಇರೋರಿಗಿಂತ ಯಾರಾದ್ರೂ ವಾಸಿ” ಅಂತ ಗುಡುಗಿದ.

ಮುಂದಿನ ಆಟದಲ್ಲಿ ಮೊದಲ ಗೋಲು ತಿನ್ನುತ್ತಿದ್ದಂತೆಯೇ ಉತ್ತರದ ತುದಿಯಿಂದ ಹಾಡು ಎದ್ದಿತು. “ಎಲ್ಹೋದ, ಎಲ್ಹೋದ, ನಮ್ ಡೆಸ್ ಎಲ್ಹೋದ?” ಎರಡನೇ ಗೋಲಿಗೆ ಇಡೀ ಮೈದಾನವೇ ಹಾಡಿತು. ಎದುರಾಳಿ ಊರಿನವರು ಕಕ್ಕಾಬಿಕ್ಕಿಯಾಗಿ, ಡೆಸ್ ಯಾರೋ ಗಾಯಗೊಂಡ ದೊಡ್ಡ ಆಟಗಾರನಿರಬೇಕು ಅಂತ ತಿಳಿದರು. ಬೆರಿಲ್ ಕೋಟಿನ ಕಾಲರಿನೊಳಗೆ ಮುಖ ಹುದುಗಿಸಿ ಕೂತಳು. ನಲ್ಲಿಯವನು ಮಾತ್ರ ಚಿಪ್ಸಿನ ಪೊಟ್ಟಣ ಕೆಳಗಿಟ್ಟು, ಎದ್ದು ನಿಂತು, ಎಲ್ಲರಿಗಿಂತ ಜೋರಾಗಿ ಹಾಡಿದ. ಡೆಸ್ ಮರಳಿದರೆ ಆ ಸೀಟು ಬಿಟ್ಟುಕೊಡಬೇಕಾದೀತು ಅಂತ ಗೊತ್ತಿದ್ದೂ ಹಾಡಿದ. ಆವತ್ತು ಅವನು ನೀಡಿದ ಚಿಪ್ಸನ್ನು ಬೆರಿಲ್ ತೆಗೆದುಕೊಂಡಳು.

ಹಾಡು ಸೀಸನ್ನಿನ ಜೊತೆಗೇ ಸಾಗಿತು. ಬೇರೆ ಊರುಗಳಿಗೆ ಹೋದಾಗಲೂ ನಮ್ಮವರು ಹಾಡಿದರು. ಟೌನ್ ಕೆಳಗಿನ ಮೂರು ಸ್ಥಾನಗಳಲ್ಲಿ ಮುಳುಗುತ್ತಾ ಏಳುತ್ತಾ ಇತ್ತು, ಸೀಸನ್ನಿನ ಕೊನೆಗೆ ಆ ಮೂರು ತಂಡಗಳೇ ಕೆಳಗಿನ ದರ್ಜೆಗೆ ಇಳಿಯುವುದು. ಕೊನೆಯ ಆಟದವರೆಗೂ ಏನೂ ತೀರ್ಮಾನವಾಗಲಿಲ್ಲ. ಆ ಆಟಕ್ಕೆ ಮೂರು ದಿನ ಇರುವಾಗ ರೇಡಿಯೋದವರು ಬೆರಿಲ್‌ಗೆ ಫೋನ್ ಮಾಡಿದರು. ಹೇಜಲ್ ಅನ್ನುವ ಹೆಂಗಸೊಬ್ಬಳು ಬೆರಿಲ್‌ಳ ನಂಬರು ಕೇಳುತ್ತಿದ್ದಾಳೆ, ಕೊಡಬಹುದಾ ಅಂತ.

ಹೇಜಲ್ ಡೆಸ್‌ನ ಮಗಳು. ಜೂನ್ ತಿಂಗಳಲ್ಲಿ ಡೆಸ್‌ಗೆ ಮೆದುಳಿನಲ್ಲಿ ರಕ್ತ ಕಟ್ಟಿತ್ತು. ಜೀವ ಉಳಿಯಿತು, ನೆನಪು ಚೂರುಚೂರಾಯಿತು. ಮಗಳು ಅವನನ್ನು ಪೂರ್ವ ಕರಾವಳಿಯಲ್ಲಿ ತನ್ನ ಮನೆಗೆ ಹತ್ತಿರದ ಆರೈಕೆಮನೆಯೊಂದಕ್ಕೆ ಸೇರಿಸಿದ್ದಳು. ಅವಳಿಗೆ ಫುಟ್‌ಬಾಲಿನ ಗಂಧಗಾಳಿ ಇಲ್ಲ. ಅಲ್ಲಿನ ಆಯಾ ಶನಿವಾರ ರೇಡಿಯೋದಲ್ಲಿ ಟೌನಿನ ಆಟದ ವಿವರಣೆ ಹಾಕಿದರೆ ಡೆಸ್ ಸುಮ್ಮನಾಗುತ್ತಿದ್ದನಂತೆ. ಆ ಹಾಡು ಕೇಳಿ ಕೇಳಿ ಆಯಾಗೇ ಅನುಮಾನ ಬಂದು ಮಗಳಿಗೆ ಹೇಳಿದ್ದಳು.

“ಅಪ್ಪ ನಿಮ್ಮ ಹೆಸರು ಯಾವತ್ತೂ ಹೇಳಿಲ್ಲ ಆಂಟಿ” ಅಂದಳಂತೆ ಹೇಜಲ್. “ದಿನಾ ಒಂದೊಂದು ತರ ಇರ್ತಾರೆ. ಬರೋದಿದ್ರೆ ಬೇಗ ಬನ್ನಿ.”

ಬೆರಿಲ್ ಅವರಿವರನ್ನು ಕೇಳಿ ನೇರವಾಗಿ ನನ್ನ ಮನೆಗೆ ಬಂದು ಬಾಗಿಲು ತಟ್ಟಿದಳು. ಅವಳಿಗೆ ಕಾರು ಓಡಿಸಲು ಬರುವುದಿಲ್ಲ. ನಾನು ಬಸ್ಸು ಓಡಿಸಿ ನಿವೃತ್ತನಾದವನು.

“ಶನಿವಾರ ಹೋಗಾಣ” ಅಂದಳು.

“ಶನಿವಾರ ಕೊನೇ ಆಟ ಬೆರಿಲ್! ಉಳೀತೀವಾ ಬೀಳ್ತೀವಾ ಅನ್ನೋ ಆಟ! ನಾಳೆ ಹೋಗಾಣ. ಭಾನುವಾರ ಹೋಗಾಣ.”

“ನಾನು ಅವನ್ನ ನೋಡೋದು ಶನಿವಾರನೇ” ಅಂದಳು.

ಊರೆಲ್ಲ ಟೌನಿನ ನೀಲಿ ಶಾಲು ಸುತ್ತಿಕೊಂಡು ಮೈದಾನದ ಕಡೆಗೆ ಹೋಗುತ್ತಿದ್ದಾಗ ನಾವಿಬ್ಬರು ಎದುರು ದಿಕ್ಕಿನಲ್ಲಿ ಹೊರಟೆವು. ಗುರುತಿದ್ದವರು ಕಾರಿನ ಗಾಜಿಗೆ ಬಗ್ಗಿ ನೋಡಿ, ನಮಗೇನೋ ತಲೆ ಕೆಟ್ಟಿದೆ ಅಂದುಕೊಂಡರು. ನನಗೂ ಹಾಗೇ ಅನ್ನಿಸಿತ್ತು. ಊರು ದಾಟಿದ ಮೇಲೆ ಬೆರಿಲ್ ರಸ್ತೆ ನೋಡುತ್ತಲೇ ಹೇಳಿದಳು.

“ಒಂದ್ ವರ್ಷ ಟೌನ್ ಇಡೀ ಸೀಸನ್ನಲ್ಲಿ ನಮ್ ಮೈದಾನದಲ್ಲಿ ಹತ್ತೇ ಗೋಲು ಹೊಡೀತು, ನೆನಪಿದ್ಯಾ?”

“ಮರೆಯಕ್ಕಾಗತ್ತಾ ಆ ಗೋಳು?”

“ನೀವೆಲ್ಲ ಮ್ಯಾನೇಜರ್‌ನ ಬೈತಾ ಇದ್ರಿ. ನಾನು ಅಳ್ತಾ ಇದ್ದೆ. ಹತ್ತೇ ಸಲ, ಕ್ಲಿಫ್. ಇಡೀ ವರ್ಷದಲ್ಲಿ ಹತ್ತೇ ಸಲ ಅವನನ್ನ ತಬ್ಬಿದ್ದು.” ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡಳು. “ನಂಗೆ ಅವನಂದ್ರೆ ಜೀವ. ಹೆರಾಲ್ಡ್ ಮೇಲೆ ಇಷ್ಟು ಇರ್ಲಿಲ್ಲ. ಹೇಳ್ಬೇಕಿತ್ತು. ಮುಂದಿನ ವಾರ, ಮುಂದಿನ ವಾರ ಅಂದ್ಕೊಂಡೆ. ಮುಂದಿನ ವಾರ ಅನ್ನೋದು ಯಾವಾಗ್ಲೂ ಇತ್ತಲ್ಲ.”

ಇಪ್ಪತ್ತು ವರ್ಷ ಅವಳ ಹಿಂದೆ ಕೂತವನಿಗೆ ಆ ಮಾತು ಕೇಳಿ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಗೇರು ಬದಲಾಯಿಸಿ, ಹವೆ ಚೆನ್ನಾಗಿದೆ ಅಂತ ಏನೋ ಒದರಿದೆ.

ಆರೈಕೆಮನೆಯ ಬಾಗಿಲಲ್ಲಿ ಹೇಜಲ್ ಕಾದಿದ್ದಳು. ಕಿವಿ ನೋಡಿದ್ದೇ ಗುರುತು ಸಿಕ್ಕಿತು. ಡೆಸ್ ಮುಂಭಾಗದ ಕೋಣೆಯಲ್ಲಿ ಅಗಲವಾದ ಕಿಟಕಿಯ ಎದುರು ಕೂತಿದ್ದ. ಕಿಟಕಿಯಾಚೆ ಕತ್ತರಿಸಿದ ಹುಲ್ಲು, ಅದರ ಮೇಲೆ ಓಡಾಡುವ ಕಡಲಹಕ್ಕಿಗಳು. ಡೆಸ್ ಬಡಕಲಾಗಿದ್ದ. ಟೋಪಿ ಇರಲಿಲ್ಲ. ಬೆರಿಲ್ ಕೂದಲು ಸರಿಮಾಡಿಕೊಂಡು, ಅವನ ಎದುರಿಗೆ ಹೋಗಿ ನಿಂತು, ನಕ್ಕಳು.

“ಡೆಸ್.”

ಅವನು ತಲೆಯೆತ್ತಿ ಅವಳ ಮುಖವನ್ನು ನೋಡಿದ. ಮರ್ಯಾದಸ್ಥ, ಮೊದಲಿನಿಂದಲೂ.

“ನೀವು ಹೊಸದಾಗಿ ಬಂದವ್ರಾ? ಚಹಾ ತಂದ್ರಾ ಅಮ್ಮಾ?” ಅಂದ.

ಬೆರಿಲ್‌ಳ ನಗು ಅಲ್ಲೇ ನಿಂತುಹೋಯಿತು. “ಬೆರಿಲ್ ಕಣೋ ನಾನು” ಅಂದಳು. ಅವನು ಸಂಕೋಚದಿಂದ ತಲೆಯಾಡಿಸಿ, ಸಹಾಯಕ್ಕೆ ಮಗಳ ಕಡೆ ನೋಡಿದ. ಹೇಜಲ್ ಏನೋ ಹೇಳಹೋದಳು. ಬೆರಿಲ್ ಬೇಡ ಅಂತ ಕೈ ಮಾಡಿ ಬಾಗಿಲ ತನಕ ಬಂದಳು. ಅಲ್ಲಿ ನನ್ನ ತೋಳು ಹಿಡಿದು ನಿಂತಳು. ಇಷ್ಟು ದೂರ ಬಂದದ್ದೇ ತಪ್ಪಾಯಿತು ಅಂತ ನನಗನ್ನಿಸಿತು.

ಆಗ ಅವಳು ಗೋಡೆಯ ಪಕ್ಕದ ಕುರ್ಚಿಯೊಂದನ್ನು ಎತ್ತಿಕೊಂಡಳು. ನಾನು ಸಹಾಯಕ್ಕೆ ಹೋದರೆ ಬಿಡಲಿಲ್ಲ. ಅದನ್ನು ಡೆಸ್‌ನ ಎಡಕ್ಕೆ, ಅವನ ಕುರ್ಚಿಗೆ ಒತ್ತಿ ಇಟ್ಟು, ಕೂತು, ಕಿಟಕಿಯಾಚೆಗಿನ ಹುಲ್ಲು ನೋಡತೊಡಗಿದಳು. ಕಡಲಹಕ್ಕಿಗಳು ಆಚೆ ಹೋದವು, ಈಚೆ ಬಂದವು. ಡೆಸ್‌ನ ಮೊಣಕೈ ನಿಧಾನವಾಗಿ ಸರಿದು ಅವಳ ಮೊಣಕೈಗೆ ತಾಗಿ ನಿಂತಿತು.

“ಎಲ್ಲೇ ಹೋಗಿದ್ದೆ ಇಷ್ಟೊತ್ತು?” ಅಂದ, ಮುಂದೆ ನೋಡುತ್ತಲೇ.

ಹೇಜಲ್ ಬಾಯಿಗೆ ಕೈ ಅಡ್ಡ ಹಿಡಿದಳು.

“ಬಸ್ ಸಿಗ್ಲಿಲ್ಲ ಕಣೋ” ಅಂದಳು ಬೆರಿಲ್. “ಏನಾದ್ರೂ ಆಯ್ತಾ ಆಟದಲ್ಲಿ?”

“ಏನಾಗತ್ತೆ? ಆ ಎಡಗಡೆಯವ್ನು ನೋಡು, ನಿಂತಲ್ಲೇ ನಿದ್ದೆ ಮಾಡ್ತಿದಾನೆ.”

ಒಂದೇ ಕಾಲಲ್ಲಿ ನಿಂತಿದ್ದ ಹಕ್ಕಿಯನ್ನು ಅವನು ಗದ್ದದಿಂದ ತೋರಿಸಿದ. ಬೆರಿಲ್‌ಗೆ ನಗು ಉಕ್ಕಿತು. ತಡೆಯಲಾರದೆ ಅವಳು ಅವನ ಕಡೆಗೆ ತಿರುಗಿದಳು, ಅವನ ಕೆನ್ನೆಯ ಮೇಲೆ ಕೈಯಿಟ್ಟಳು. ಡೆಸ್ ಬೆಚ್ಚಿ ಅವಳನ್ನು ನೋಡಿದ. ಕಣ್ಣಿನಲ್ಲಿ ಅದೇ ಸಂಕೋಚ ಮರಳಿ ಬಂತು.

“ಕ್ಷಮಿಸಿ ಅಮ್ಮಾ. ನೀವು ಚಹಾ ತರೋವ್ರಾ?”

ಬೆರಿಲ್ ಕೈ ತೆಗೆದಳು. ಮತ್ತೆ ಕಿಟಕಿಯ ಕಡೆಗೆ ತಿರುಗಿ ಕೂತಳು. ಅವಳ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅವನನ್ನು ನೋಡಬೇಕೆಂದು ಒಂದು ಸೀಸನ್ನು ಪೂರ್ತಿ ಹಂಬಲಿಸಿದವಳು ಈಗ ಅವನನ್ನು ನೋಡದೆ ಕೂತಳು. ನನ್ನ ಕಿವಿಗೆ ಸಿಕ್ಕಿಸಿಕೊಂಡಿದ್ದ ರೇಡಿಯೋದಲ್ಲಿ ಟೌನ್ ಸೋತು ಕೆಳಗಿಳಿದ ಸುದ್ದಿ ಬಂತು. ನಾನು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ.

ಎಷ್ಟೋ ಹೊತ್ತಾದ ಮೇಲೆ ಡೆಸ್‌ನ ಮೊಣಕೈ ಮತ್ತೆ ಅವಳ ಕಡೆಗೆ ಸರಿಯಿತು.

“ಮುಗೀತೇನೇ?” ಅಂದ.

“ಇಲ್ಲ ಕಣೋ” ಅಂದಳು ಬೆರಿಲ್, ಹುಲ್ಲಿನಿಂದ ಕಣ್ಣು ಕೀಳದೆ. “ಇನ್ನೂ ಇದೆ. ಮುಂದೆ ನೋಡು ನೀನು.”